ಪ್ರಾಗ್‌ನಲ್ಲಿ ನಾವಿಬ್ಬರೇ

ನಾವಿಬ್ಬರೇ ಎಲ್ಲಿಗಾದರೂ ಹೋಗಬೇಕು ಅಂತ ನಾನು ಯಾವಾಗ ಮನಸ್ಸು ಮಾಡಿದರೂ ಎಲ್ಲಿಂದಲೋ ಮೂರನೆಯವರೊಬ್ಬರು ಬಂದು ಸೇರಿಕೊಳ್ಳುತ್ತಾರೆ. ಇದು ಮದುವೆಯಾದ ವಾರದಿಂದ ನಡೆದುಕೊಂಡು ಬಂದಿದೆ. ಊಟಿಗೆ ಹನಿಮೂನ್ ಹೊರಟಾಗ "ಹೇಗಿದ್ರೂ ವ್ಯಾನ್ ಹೋಗ್ತಿದೆಯಲ್ಲ" ಅಂತ ನಮ್ಮ ಅತ್ತೆ, ಮಾವ, ಅವರ ಪಕ್ಕದ ಮನೆಯವರು ಹತ್ತಿದರು, ಕೊನೆಗೆ ಆ ಪಕ್ಕದ ಮನೆಯವರ ಹಾರ್ಮೋನಿಯಂ ಕೂಡ ಹತ್ತಿತು. ಅಮೆರಿಕಕ್ಕೆ ಬಂದ ಮೇಲಾದರೂ ತಪ್ಪೀತು ಅಂದುಕೊಂಡೆ. ನ್ಯೂಜೆರ್ಸಿಯಲ್ಲಿ ಮನೆ ಮಾಡಿದವನಿಗೆ ನಯಾಗರಾ ತೋರಿಸುವ ಹೊಣೆ ಮನೆಯ ಜೊತೆಗೇ ಬರುತ್ತದೆ ಅಂತ ಆಗ ಯಾರೂ ಹೇಳಿರಲಿಲ್ಲ. ಊರಿನಿಂದ ಯಾರು ಬಂದಿಳಿದರೂ ಮರುದಿನ ಚಿತ್ರಾನ್ನ ಕಟ್ಟಿಕೊಂಡು ನಯಾಗರಾ. ಆ ಜಲಪಾತದ ಮುಂದೆ ತೆಗೆದ ಫೋಟೋಗಳಲ್ಲೆಲ್ಲ ನನ್ನ ಹೆಂಡತಿ ಯಾರದೋ ಚಿಕ್ಕಮ್ಮನ ಪಕ್ಕ, ಯಾರದೋ ಭಾವನ ಪಕ್ಕ ನಗುತ್ತಾ ನಿಂತಿದ್ದಾಳೆ. ನನ್ನ ಪಕ್ಕ ನಿಂತದ್ದು ಒಂದೂ ಇಲ್ಲ. ಕ್ಯಾಮೆರಾ ಹಿಡಿದವನು ನಾನು ತಾನೆ.

ಮಾರಿಸ್‌ಟೌನ್‌ನ ಒಂದು ಔಷಧ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದೆ. ರಿಟೈರ್ ಆದ ದಿನ ಆಫೀಸಿನವರು ಕೇಕ್ ಕತ್ತರಿಸಿ, ಇನ್ನು ಮುಂದೆ ಏನು ಪ್ಲಾನ್ ಅಂತ ಕೇಳಿದರು. "ಹೆಂಡತಿಯ ಕೈ ಹಿಡಿದುಕೊಂಡು ಯಾವುದಾದರೂ ಹಳೇ ಊರಿನ ಬೀದಿಗಳಲ್ಲಿ ಸುಮ್ಮನೆ ನಡೆಯಬೇಕು" ಅಂದೆ. ಎಲ್ಲರೂ ಚಪ್ಪಾಳೆ ಹೊಡೆದರು, ಒಬ್ಬಾಕೆ ಕಣ್ಣೊರೆಸಿಕೊಂಡಳು. ಅದೇ ಹುರುಪಿನಲ್ಲಿ ಮನೆಗೆ ಬಂದು ಹೆಂಡತಿಗೂ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಮೊದಲು ಗರಾಜ್ ಕ್ಲೀನ್ ಮಾಡಿ" ಅಂದಳು.

ಅಲ್ಲಿ ಯಾರಿದ್ದಾರೆ?

ಗರಾಜ್ ಕ್ಲೀನ್ ಮಾಡಿದ ಮೇಲೆ ಮತ್ತೆ ಮಾತು ತೆಗೆದೆ. "ಪ್ರಾಗ್‌ಗೆ ಹೋಗೋಣ್ವಾ? ಹಳೇ ರಾಜಧಾನಿ. ಕಲ್ಲಿನ ಸೇತುವೆ, ಕೋಟೆ, ನದಿ. ಕಾರೇ ಬೇಡ, ಎಲ್ಲಾ ನಡ್ಕೊಂಡೇ ನೋಡಬಹುದು."

"ಅಲ್ಲಿ ಯಾರಿದ್ದಾರೆ?" ಅಂದಳು.

"ಯಾರೂ ಇಲ್ಲ."

"ಯಾರೂ ಇಲ್ಲದ ಊರಿಗೆ ಯಾಕೆ ಹೋಗೋದು?"

ಅವಳನ್ನು ತಪ್ಪು ಅನ್ನುವಂತಿಲ್ಲ. ನಾವು ಇಷ್ಟು ವರ್ಷ ಪ್ರವಾಸ ಹೋದದ್ದೆಲ್ಲ ಯಾರದಾದರೂ ಮನೆಗೆ. ಡಾಲಸ್ ಅಂದರೆ ನಮಗೆ ಅವಳ ಅಣ್ಣನ ಅಡುಗೆಮನೆ. ಕ್ಯಾಲಿಫೋರ್ನಿಯಾ ಅಂದರೆ ನನ್ನ ತಂಗಿಯ ಮನೆಯ ಗೃಹಪ್ರವೇಶ. ನೆಂಟರಿಲ್ಲದ ಊರು ನಮ್ಮ ಭೂಪಟದಲ್ಲೇ ಇರಲಿಲ್ಲ. ಅಂತೂ ಕಾಡಿಬೇಡಿ ಒಪ್ಪಿಸಿ ಟಿಕೆಟ್ ಬುಕ್ ಮಾಡಿದೆ.

ಹೊರಡುವ ಮುಂಚೆ ಗಣಪತಿಗೊಂದು ನಮಸ್ಕಾರ ಹಾಕೋಣ ಅಂತ ನ್ಯೂಯಾರ್ಕಿನ ಫ್ಲಶಿಂಗ್ ದೇವಸ್ಥಾನಕ್ಕೆ ಹೋಗಿದ್ದೆವು. ಕೆಳಗಿನ ಕ್ಯಾಂಟೀನ್‌ನಲ್ಲಿ ದೋಸೆಗೆ ಕಾಯುತ್ತಾ ನಿಂತಾಗ ಹಳೇ ಸ್ನೇಹಿತರೊಬ್ಬರು ಸಿಕ್ಕರು. ಬೆಂಗಳೂರಿನವರು, ಡಾಕ್ಟರು. ಪ್ರಾಗ್ ಅಂದ ತಕ್ಷಣ, "ಮಗಳು ಅಲ್ಲಿಗೆ ಟ್ರಾನ್ಸ್‌ಫರ್ ಆದಳಾ?" ಅಂದರು.

"ಇಲ್ಲ, ಮಗಳು ಇಲ್ಲೇ ಹ್ಯಾರಿಸನ್‌ನಲ್ಲಿದ್ದಾಳೆ."

"ಕಾನ್ಫರೆನ್ಸ್?"

"ರಿಟೈರ್ ಆಗಿದೀನಲ್ಲ ಸಾರ್."

"ಮತ್ತೆ ಏನಕ್ಕೆ ಹೋಗ್ತಿದೀರಿ?"

"ಸುಮ್ಮನೆ. ನಾವಿಬ್ಬರೇ ನಡೆದಾಡಿಕೊಂಡು ಬರೋಣ ಅಂತ."

ಡಾಕ್ಟರು ದೋಸೆಯ ತಟ್ಟೆಯನ್ನು ಪಕ್ಕಕ್ಕಿಟ್ಟರು. ನನ್ನ ಹೆಗಲ ಮೇಲೆ ಕೈಹಾಕಿ ಕಂಬದ ಮರೆಗೆ ಕರೆದುಕೊಂಡು ಹೋಗಿ, ದನಿ ತಗ್ಗಿಸಿ ಕೇಳಿದರು: "ರಿಪೋರ್ಟ್ ಏನು ಬಂತು? ನನ್ನ ಹತ್ತಿರ ಮುಚ್ಚಿಡಬೇಡಿ."

ಹಿಂಬಾಲಿಸುವ ಹೆಂಗಸು

ಪ್ರಾಗ್ ತಲುಪಿದೆವು. ಊರು ಎಷ್ಟು ಚೆನ್ನಾಗಿದೆ ಅಂದರೆ, ಯಾರೋ ಹಳೇ ಪೆಟ್ಟಿಗೆಯಿಂದ ಜೋಪಾನವಾಗಿ ತೆಗೆದು ಆಗಷ್ಟೇ ಹರವಿಟ್ಟ ಹಾಗೆ. ಕಲ್ಲು ಹಾಸಿದ ಬೀದಿ, ಹಳದಿ ಗೋಡೆ, ಕಿಟಕಿಗಳಲ್ಲಿ ಕೆಂಪು ಹೂ. ಎಲ್ಲಿ ನೋಡಿದರೂ ಜೋಡಿಗಳು ಕೈ ಕೈ ಹಿಡಿದು, ಭುಜಕ್ಕೆ ಭುಜ ಸೇರಿಸಿ ನಡೆಯುತ್ತಿದ್ದರು. ನಮಗಿಂತ ವಯಸ್ಸಾದವರೂ ಇದ್ದರು. ನನ್ನ ಎದೆ ತುಂಬಿ ಬಂತು. ಇದನ್ನೇ ತಾನೆ ನಾನು ಬಯಸಿದ್ದು ಅಂತ ಪಕ್ಕಕ್ಕೆ ತಿರುಗಿ ಕೈ ಚಾಚಿದೆ. ಪಕ್ಕದಲ್ಲಿ ಒಬ್ಬ ಪೋಸ್ಟ್‌ಮ್ಯಾನ್ ಇದ್ದ. ಹೆಂಡತಿ ನಾಲ್ಕು ಹೆಜ್ಜೆ ಹಿಂದಿದ್ದಳು.

ಯಾವಾಗಲೂ ಅಲ್ಲೇ ಇರುತ್ತಾಳೆ. ಮೈಸೂರಿನ ನಮ್ಮ ಬೀದಿಯಲ್ಲಿ ಗಂಡ ಹೆಂಡತಿ ಪಕ್ಕಪಕ್ಕ ನಡೆದರೆ ಜನ ಜಗಲಿಗೆ ಬಂದು ನೋಡುತ್ತಿದ್ದರು. ಹಾಗಾಗಿ ಗಂಡ ಮುಂದೆ, ಹೆಂಡತಿ ಹಿಂದೆ, ನಡುವೆ ಮರ್ಯಾದೆಯ ಅಂತರ. ನ್ಯೂಜೆರ್ಸಿಗೆ ಬಂದ ಮೇಲೆ ಆ ಜಗಲಿಗಳು ಹೋದವು, ಆದರೆ ನಮ್ಮ ಬಡಾವಣೆಯಲ್ಲಿ ಫುಟ್‌ಪಾತೇ ಇಲ್ಲ. ರಸ್ತೆಯ ಅಂಚಿನಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯದಿದ್ದರೆ ಯಾವನಾದರೂ ಹಾರ್ನ್ ಹೊಡೆಯುತ್ತಾನೆ. ಮೈಸೂರು ಕಲಿಸಿದ್ದನ್ನು ನ್ಯೂಜೆರ್ಸಿ ಗಟ್ಟಿ ಮಾಡಿತು.

ನಾನು ನಿಧಾನ ಮಾಡಿದೆ. ಅವಳೂ ನಿಧಾನ ಮಾಡಿದಳು. ನಾನು ನಿಂತೆ. ಅವಳೂ ನಿಂತು ಅಂಗಡಿಯ ಗಾಜಿನೊಳಗಿನ ಗೊಂಬೆ ನೋಡತೊಡಗಿದಳು. "ಪಕ್ಕಕ್ಕೆ ಬಾ" ಅಂದೆ.

"ನೀವು ನಡೀರಿ, ದಾರಿ ಗೊತ್ತಿರೋರು."

"ನಂಗೂ ಗೊತ್ತಿಲ್ಲ ಕಣೆ."

"ಗೊತ್ತಿಲ್ದೆ ಇರೋರು ಇಬ್ಬರು ಪಕ್ಕಪಕ್ಕ ನಡೆದರೆ ಗೊತ್ತಾಗಿಬಿಡುತ್ತಾ? ನಡೀರಿ."

ನಡೆದೆ. ಸೇತುವೆ ದಾಟಿ ಚೌಕಕ್ಕೆ ಬರುವಷ್ಟರಲ್ಲಿ ಊರಿನ ಒಬ್ಬ ಅಜ್ಜಿ, ಕೈಯಲ್ಲಿ ಪುಟ್ಟ ನಾಯಿ, ನನ್ನನ್ನು ತಡೆದು ನಿಲ್ಲಿಸಿದಳು. ತಿದ್ದಿ ತೀಡಿದ ಇಂಗ್ಲಿಷಿನಲ್ಲಿ, "ಸ್ವಾಮಿ, ತಿರುಗಿ ನೋಡಬೇಡಿ. ಸೇತುವೆಯ ಆ ತುದಿಯಿಂದ ಒಬ್ಬ ಹೆಂಗಸು ನಿಮ್ಮನ್ನು ಹಿಂಬಾಲಿಸುತ್ತಿದ್ದಾಳೆ" ಅಂದಳು.

"ಅವಳು ನನ್ನ ಹೆಂಡತಿ, ತಾಯಿ" ಅಂದೆ.

ಅಜ್ಜಿ ನನ್ನನ್ನು ನೋಡಿದಳು. ದೂರದಲ್ಲಿ ನಿಂತ ನನ್ನವಳನ್ನು ನೋಡಿದಳು. ಮತ್ತೆ ನನ್ನನ್ನು ನೋಡಿ, "ಹಾಗಾದರೆ ಕ್ಷಮೆ ಕೇಳಿಬಿಡಿ" ಅಂತ ಹೇಳಿ, ನಾಯಿಯ ಸಮೇತ ಹೊರಟುಹೋದಳು.

ಎರಡು ಚುಕ್ಕಿ

ಮರುದಿನ ನದಿಯ ದಂಡೆಯ ಒಂದು ಹೋಟೆಲಿನಲ್ಲಿ ಇಬ್ಬರಿಗೇ ಅಂತ ಇರುವ ಟೇಬಲ್ ಹಿಡಿದೆ. ಬಿಳಿ ಬಟ್ಟೆ, ಹಗಲಲ್ಲೂ ಒಂದು ಮೇಣದಬತ್ತಿ, ಕೆಳಗೆ ಹಂಸಗಳು. ಎದುರಿನ ಕುರ್ಚಿ ಎಳೆದು ಅವಳನ್ನು ಕೂರಿಸಿದೆ. ಮೆನು ನೋಡಿದಳು. ಸಸ್ಯಾಹಾರ ಅಂತ ಇದ್ದದ್ದು ಕರಿದ ಚೀಸ್ ಮತ್ತು ಬೇಯಿಸಿದ ಆಲೂಗಡ್ಡೆ. "ಎರಡು ದಿನದಿಂದ ಇದೇ ಆಯ್ತು, ಹೊಟ್ಟೆ ಕೆಟ್ಟುಹೋಗುತ್ತೆ. ಒಂದು ನಿಮಿಷ ಬಂದೆ" ಅಂತ ಎದ್ದುಹೋದಳು.

ನಾನು ಕಾದೆ. ಪಕ್ಕದ ಟೇಬಲಿನ ಜೋಡಿ ಒಂದೇ ತಟ್ಟೆಯಿಂದ ಏನನ್ನೋ ತಿನ್ನುತ್ತಿತ್ತು. ಅವನು ಅವಳಿಗೆ ತಿನ್ನಿಸಿದ, ಅವಳು ಅವನ ಗಡ್ಡದ ಮೇಲಿನ ಕ್ರೀಮ್ ಒರೆಸಿದಳು. ನಾನು ನನ್ನ ಬೋಳಿಸಿದ ಗಲ್ಲವನ್ನು ಮುಟ್ಟಿ ನೋಡಿಕೊಂಡೆ. ಎದುರಿನ ಖಾಲಿ ಕುರ್ಚಿ ನನ್ನನ್ನೇ ನೋಡುತ್ತಿತ್ತು. ದಿನವಿಡೀ ಒಂದೇ ಮನೆಯಲ್ಲಿ ಇರುವವಳಿಗಾಗಿ ಹೀಗೆ ಕಾಲೇಜು ಹುಡುಗನ ಹಾಗೆ ದಾರಿ ನೋಡುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ.

ಹೊತ್ತಾಯಿತು. ವೇಟರ್ ಬಂದು ನೀರು ತುಂಬಿದ. ಇನ್ನೊಮ್ಮೆ ಬಂದು ಬತ್ತಿ ಸರಿಮಾಡಿದ. ಮೂರನೇ ಸಲ ಬಂದಾಗ ಮುಖದಲ್ಲಿ ಮರುಕ ಇತ್ತು. ಅಷ್ಟರಲ್ಲಿ ಮಗಳ ಫೋನ್. ನಮ್ಮಿಬ್ಬರ ಫೋನುಗಳೂ ಎಲ್ಲಿವೆ ಅಂತ ಅವಳಿಗೆ ಹ್ಯಾರಿಸನ್‌ನಲ್ಲಿ ಕೂತೇ ಕಾಣಿಸುತ್ತದೆ. ನಾವು ಹೊರಡುವಾಗ ಅವಳೇ ಸೆಟ್ ಮಾಡಿಕೊಟ್ಟದ್ದು.

"ಅಪ್ಪಾ, ವಾಟ್ ಈಸ್ ಗೋಯಿಂಗ್ ಆನ್? ನಿಮ್ಮ ಡಾಟ್ ರಿವರ್ ಹತ್ರ ಇದೆ. ಅಮ್ಮನ ಡಾಟ್ ಅಷ್ಟು ದೂರದಲ್ಲಿದೆ. ಆರ್ ಯು ಗೈಸ್ ಫೈಟಿಂಗ್?"

"ಇಲ್ಲಮ್ಮ, ರೊಮ್ಯಾಂಟಿಕ್ ಲಂಚ್."

"ಡಿಫರೆಂಟ್ ಬಿಲ್ಡಿಂಗ್ಸ್‌ನಲ್ಲಾ?"

ವೇಟರ್ ಒಂದು ಪುಟ್ಟ ಚಾಕೊಲೇಟ್ ಕೇಕ್ ತಂದಿಟ್ಟ. "ಇದು ನಮ್ಮ ಕಡೆಯಿಂದ. ಹೀಗೆ ಎಲ್ಲರಿಗೂ ಒಂದಲ್ಲ ಒಂದು ದಿನ ಆಗುತ್ತದೆ ಸಾರ್" ಅಂದ. ನಾನು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ನನ್ನವಳು ಕಾಣಿಸಿಕೊಂಡಳು. ಉಸಿರು ಬಿಡುತ್ತಾ, ಗೆದ್ದವಳ ಮುಖದಲ್ಲಿ, ದೊಡ್ಡ ಡಬ್ಬಿ ಎತ್ತಿ ಹಿಡಿದು. "ನಾಲ್ಕು ಅಂಗಡಿ ಸುತ್ತಿದೆ ರೀ. ಸಿಹಿ ಇಲ್ಲದ ಮೊಸರು ಸಿಕ್ತು."

ವೇಟರ್ ಅವಳನ್ನು ನೋಡಿದ, ಡಬ್ಬಿಯನ್ನು ನೋಡಿದ. ನನ್ನ ಮುಂದಿದ್ದ ಕೇಕನ್ನು ಎತ್ತಿಕೊಂಡು ಒಳಗೆ ಹೋದ.

ಎರಡು ಎಕ್ಸಿಟ್ ಆಚೆಯವರು

ಊರಿನ ಚೌಕದಲ್ಲಿ ಒಂದು ಹಳೇ ಗಡಿಯಾರ ಇದೆ. ಗಂಟೆಯಾದಾಗ ಕಿಟಕಿ ತೆಗೆದು ಗೊಂಬೆಗಳು ಮೆರವಣಿಗೆ ಹೋಗುತ್ತವೆ. ಎಲ್ಲರೂ ಕತ್ತೆತ್ತಿ ನೋಡುವಾಗ ಮೆಲ್ಲಗೆ ಅವಳ ಕೈ ಹಿಡಿಯಬೇಕು ಅಂತ ಲೆಕ್ಕ ಹಾಕಿದ್ದೆ. ಗಂಟೆ ಹೊಡೆಯಿತು. ಕಿಟಕಿ ತೆರೆಯಿತು. ನನ್ನ ಕೈ ಇನ್ನೇನು ಅವಳ ಬೆರಳಿಗೆ ತಾಗಬೇಕು, ಹಿಂದಿನಿಂದ ಒಂದು ಗಂಡುದನಿ: "ಏನ್ರೀ, ಕನ್ನಡದವರೇನು?"

ಧಾರವಾಡದ ದಂಪತಿ. ಅವರಿರುವುದೂ ನ್ಯೂಜೆರ್ಸಿಯಲ್ಲಿ, ನಮ್ಮ ಮನೆಯಿಂದ ಹೈವೇಯಲ್ಲಿ ಎರಡು ಎಕ್ಸಿಟ್ ಆಚೆ. ಅಲ್ಲಿ ಒಂದು ದಿನವೂ ಸಿಕ್ಕವರಲ್ಲ. ಯಾರೂ ಇಲ್ಲದ ಊರು ಅಂತ ಅಟ್ಲಾಂಟಿಕ್ ದಾಟಿ ಬಂದರೆ ಇಲ್ಲಿ ಸಿಕ್ಕರು.

"ಭಾಳ ಛಲೋ ಆತು ನೋಡ್ರಿ. ಇನ್ನ ಕೂಡೇ ಅಡ್ಡಾಡೋಣು" ಅಂದರು ಆ ಮಹಾಶಯರು.

ನನ್ನ ಹೆಂಡತಿಯ ಮುಖ ಅರಳಿದ್ದು ನೋಡಬೇಕಿತ್ತು. ಇಬ್ಬರು ಹೆಂಗಸರೂ ಅಲ್ಲೇ ಶುರು ಮಾಡಿದರು, ಯಾವ ಅಂಗಡಿಯ ಜೋಳದ ಹಿಟ್ಟು ಒಳ್ಳೆಯದು, ಯಾರ ಮಗಳಿಗೆ ಎಲ್ಲಿ ಸಂಬಂಧ ಆಯಿತು. ನದಿಯ ಕಡೆ ಹೊರಟೆವು. ಕಣ್ಣೆದುರಿಗೇ ನನ್ನ ಹೆಂಡತಿ ಪ್ರಾಗ್‌ನ ಕಲ್ಲುಬೀದಿಯಲ್ಲಿ, ಸಂಜೆಯ ಬಿಸಿಲಲ್ಲಿ, ಕೈ ಕೈ ಹಿಡಿದು ಪಕ್ಕಪಕ್ಕ ನಡೆದಳು. ಆ ಧಾರವಾಡದಾಕೆಯ ಜೊತೆ.

ನಾವಿಬ್ಬರು ಗಂಡಸರು ಹಿಂದೆ. ಸಕ್ಕರೆಯಲ್ಲಿ ಹೊರಳಿಸಿದ, ಕೊಳವೆಯಂಥ ಚಿಮ್ನಿ ಕೇಕ್ ಒಂದನ್ನು ಕೊಂಡು ಹಂಚಿಕೊಂಡು ತಿನ್ನುತ್ತಾ ನಡೆದೆವು. ಸ್ವಲ್ಪ ದೂರ ಹೋದ ಮೇಲೆ ಅವರು ಸೇತುವೆಯ ಕಟ್ಟೆಗೆ ಒರಗಿ, "ಖರೇ ಹೇಳ್ತೀನ್ರಿ, ಇಕಿ ಕೈ ಹಿಡಕೊಂಡು ಒಮ್ಮೆ ಇಂಥಲ್ಲಿ ಅಡ್ಡಾಡಬೇಕು ಅಂತನ ಬಂದಿದ್ದೆ" ಅಂದರು.

"ಮತ್ತೆ ನಮ್ಮನ್ನ ಯಾಕೆ ಮಾತಾಡಿಸಿದ್ರಿ ಸ್ವಾಮಿ?"

"ಇಕಿನ ಹೇಳಿದ್ಳು ನೋಡ್ರಿ. ಅವರು ನಮ್ಮ ಮಂದಿ ಕಂಡಂಗ ಆಗ್ತದ, ಹೋಗಿ ಮಾತಾಡಸ್ರಿ ಅಂತ."

ಹೊಳೆಯ ಮೇಲೆ ಸೂರ್ಯ ಇಳಿಯುತ್ತಿದ್ದ. ನಾವಿಬ್ಬರೂ ಒಂದೇ ಕಡೆ ನೋಡುತ್ತಾ ನಿಟ್ಟುಸಿರು ಬಿಟ್ಟೆವು. ನಮ್ಮ ಮುಖದಲ್ಲಿ ಏನು ಕಂಡಿತೋ, ಪಿಟೀಲು ಹಿಡಿದ ಒಬ್ಬ ಹುಸಿನಗುತ್ತಾ ಬಂದು, ನಮ್ಮ ಸುತ್ತಲೇ ಸುತ್ತುತ್ತಾ, ಕರಗಿಹೋಗುವಂಥ ಪ್ರೇಮದ ರಾಗ ಬಾರಿಸತೊಡಗಿದ. ಸುತ್ತ ಜನ ಸೇರಿ ಫೋಟೋ ತೆಗೆದರು. ನಾನು ಅವನನ್ನು ನಿಲ್ಲಿಸಲು ಹೋದೆ.

ಧಾರವಾಡದವರು ನನ್ನ ತೋಳು ಹಿಡಿದರು. "ಸುಮ್ನ ನಿಂದರ್ರಿ. ಬ್ಯಾರೆ ಯಾರೂ ನಮಗ ಬಾರಸಂಗಿಲ್ಲ."

ಇಳಿಜಾರು

ಕೊನೆಯ ದಿನ ಧಾರವಾಡದವರು ವಿಯೆನ್ನಾ ರೈಲು ಹತ್ತಿದರು. ನಾವು ಗುಡ್ಡದ ಮೇಲಿನ ಕೋಟೆ ನೋಡಿ ಕೆಳಗಿಳಿಯುವಾಗ ಜಿನುಗು ಮಳೆ ಹಿಡಿಯಿತು. ದಾರಿಯ ಅಂಗಡಿಯಲ್ಲಿ ಒಂದು ದೊಡ್ಡ ಕೆಂಪು ಕೊಡೆ ಕೊಂಡೆ. ಇಳಿಜಾರಿನ ಬೀದಿ, ಕಾಲಿಗೆ ಉರುಟು ಕಲ್ಲು, ಅದರ ಮೇಲೆ ನೀರು. ಎಂದಿನಂತೆ ನಾನು ಮುಂದೆ ಹೊರಟಿದ್ದೆ.

"ರೀ," ಅಂತ ಹಿಂದಿನಿಂದ ಕೇಳಿಸಿತು. "ಜಾರುತ್ತೆ. ಕೈ ಕೊಡಿ."

ಕೊಟ್ಟೆ. ಎಷ್ಟು ಸಲೀಸಾಗಿ ಆಗಿಹೋಯಿತು. ಇಷ್ಟು ದಿನ ನಾನು ಹೂಡಿದ ಒಂದು ಉಪಾಯವೂ ಫಲಿಸಿರಲಿಲ್ಲ, ನಾಲ್ಕು ಹನಿ ಮಳೆ ಬಂದು ಮಾಡಿಸಿತು. ಅವಳ ಕೈ ಬೆಚ್ಚಗಿತ್ತು. ಬಳೆ ನನ್ನ ಮಣಿಕಟ್ಟಿಗೆ ತಾಗುತ್ತಿತ್ತು. ಒಂದು ಮಾತೂ ಆಡದೆ ಇಳಿದೆ. ಮಾತಾಡಿದರೆ ಅವಳಿಗೆ ಎಚ್ಚರವಾಗಿಬಿಡುತ್ತದೆ ಅನ್ನಿಸಿತು.

ಇಳಿಜಾರು ಮುಗಿದು ಮಟ್ಟಸ ಬೀದಿ ಬಂತು. ಅವಳು ಗಮನಿಸುವಷ್ಟರಲ್ಲಿ ನಾನು ಮಗ್ಗುಲಿನ ಇನ್ನೊಂದು ಇಳಿಜಾರಿಗೆ ತಿರುಗಿದೆ. ಅದು ಮುಗಿದಾಗ ಮತ್ತೊಂದು ಹುಡುಕಿದೆ. ಇಳಿಜಾರು ಬೇಕು ಅಂದರೆ ನಡುವೆ ಏರಬೇಕಾಗುತ್ತದೆ, ಏರಿದೆ. ಮಳೆ ನಿಂತಿತು, ಬಿಸಿಲು ಬಂತು. ಕೊಡೆ ಮಡಚಲು ಎರಡು ಕೈ ಬೇಕು. ಒಂದು ಕೈ ಅವಳ ಹತ್ತಿರ ಇತ್ತು. ಆ ಕೈಯನ್ನು ವಾಪಸ್ ಕೇಳುವಷ್ಟು ದಡ್ಡ ನಾನಲ್ಲ. ಹಾಗಾಗಿ ಹೊಳೆಯುವ ಬಿಸಿಲಿನಲ್ಲಿ ಬಿಡಿಸಿದ ಕೆಂಪು ಕೊಡೆಯನ್ನು ಎತ್ತಿ ಹಿಡಿದುಕೊಂಡೇ ನಡೆದೆ.

"ರೀ," ಅಂದಳು ಸ್ವಲ್ಪ ಹೊತ್ತಿನ ಮೇಲೆ, ಮೆಲ್ಲಗೆ. "ನಮ್ಮ ಹಿಂದೆ ಯಾರೋ ಬರ್ತಿದ್ದಾರೆ."

"ಬೀದಿ ಅಂದ್ಮೇಲೆ ಬರ್ತಾರೆ."

"ಹಾಗಲ್ಲ. ತುಂಬಾ ಜನ ಇದ್ದಾರೆ. ನಾವು ತಿರುಗಿದ ಕಡೆಯೆಲ್ಲ ತಿರುಗ್ತಿದ್ದಾರೆ."

ಓರೆಗಣ್ಣಿನಲ್ಲಿ ನೋಡಿದೆ. ಒಂದು ದೊಡ್ಡ ಗುಂಪು, ಎಲ್ಲ ನಮ್ಮ ವಯಸ್ಸಿನ ಅಮೆರಿಕನ್ನರು. ಎಲ್ಲರ ಕೊರಳಲ್ಲೂ ಟೂರಿನ ಗುರುತಿನ ಪಟ್ಟಿ, ಕಿವಿಯಲ್ಲಿ ಗೈಡ್ ಮಾತು ಕೇಳುವ ಯಂತ್ರ. ಅವರ ಗೈಡ್ ಹತ್ತಿರವೂ ಕೆಂಪು ಕೊಡೆ ಇದ್ದಿರಬೇಕು. ಎಲ್ಲೋ ಒಂದು ತಿರುವಿನಲ್ಲಿ ಅದು ತಪ್ಪಿ ನನ್ನದಕ್ಕೆ ಅಂಟಿಕೊಂಡಿದ್ದರು. ಯಂತ್ರದಲ್ಲಿ ಏನೂ ಕೇಳಿಸದಿದ್ದಕ್ಕೆ ಒಬ್ಬರು ಅದನ್ನು ಕಿತ್ತು ಊದುತ್ತಿದ್ದರು, ಇನ್ನೊಬ್ಬರು ಬಡಿಯುತ್ತಿದ್ದರು.

"ನಿಂತು ಹೇಳಿಬಿಡಿ, ನಾವು ಗೈಡ್ ಅಲ್ಲ ಅಂತ" ಅಂದಳು.

"ನಿಲ್ಲಲ್ಲ."

"ಯಾಕೆ?"

"ನಿಂತರೆ ನೀನು ಕೈ ಬಿಡ್ತೀಯ."

ಹೇಳಿದ ಮೇಲೆ ನನಗೇ ಮುಖ ಬಿಸಿಯಾಯಿತು. ಈ ವಯಸ್ಸಿನಲ್ಲಿ ಆಡುವ ಮಾತೇ ಅದು. ಅವಳು ನನ್ನನ್ನು ನೋಡಲಿಲ್ಲ. ಹೆಣೆದುಕೊಂಡಿದ್ದ ಕೈಗಳನ್ನು ನೋಡಿದಳು, ಬಿಸಿಲಿಗೆ ಹಿಡಿದ ಕೊಡೆಯನ್ನು ನೋಡಿದಳು. ಈಗ ಬಿಡುತ್ತಾಳೆ ಅಂದುಕೊಂಡೆ. ಅವಳು ಹಿಡಿತ ಬಿಗಿ ಮಾಡಿ, "ಹಾಗಾದ್ರೆ ಸ್ವಲ್ಪ ಜೋರಾಗಿ ನಡೀರಿ. ಹತ್ತಿರ ಬಂದ್ಬಿಟ್ರು" ಅಂದಳು.

ಜೋರಾಗಿ ನಡೆದೆವು. ಅವರೂ ಜೋರಾಗಿ ನಡೆದರು. ಒಂದು ಕಮಾನಿನ ಕೆಳಗೆ ನುಗ್ಗಿದೆವು, ನುಗ್ಗಿದರು. ಅವಳಿಗೆ ನಗು ಬಂತು. ಅವಳ ನಗು ಕೇಳಿ ನನಗೂ ಬಂತು. ಮಂಡಿ ನೋವಿನ ಮಾತ್ರೆ ನುಂಗುವ ನಾವಿಬ್ಬರೂ ಕೈ ಹಿಡಿದುಕೊಂಡು ಪ್ರಾಗ್‌ನ ಓಣಿಗಳಲ್ಲಿ ಓಡಿದೆವು. ಗುಂಪೂ ಓಡಿತು. ಟೂರಿನಲ್ಲಿ ಇದೂ ಒಂದು ಐಟಂ ಅಂದುಕೊಂಡರೋ ಏನೋ, ಒಬ್ಬಾಕೆ ವಿಡಿಯೋ ಬೇರೆ ಮಾಡುತ್ತಿದ್ದಳು.

ಓಣಿ ಕೊನೆಗೆ ನದಿಯ ದಂಡೆಗೆ ಬಂದು ನಿಂತಿತು. ಮುಂದೆ ನೀರು. ಇನ್ನು ಓಡಲು ಜಾಗವಿಲ್ಲ. ಏದುಸಿರು ಬಿಡುತ್ತಾ ತಿರುಗಿದೆವು. ಇಡೀ ಗುಂಪು ಬಂದು ನಮ್ಮ ಸುತ್ತ ಅರ್ಧಚಂದ್ರದ ಹಾಗೆ ನಿಂತಿತು. ಎದುರಿಗಿದ್ದ ದಢೂತಿ ಮನುಷ್ಯನೊಬ್ಬ ಪಕ್ಕೆ ಹಿಡಿದುಕೊಂಡು ಇಂಗ್ಲಿಷಿನಲ್ಲಿ ಕೇಳಿದ: "ಇಲ್ಲಿ ನಾವು ಏನನ್ನು ನೋಡಬೇಕು?"

ನಾನು ಸುತ್ತ ನೋಡಿದೆ. ಒಂದು ಕಟ್ಟೆ, ಒಂದು ದೀಪದ ಕಂಬ, ಎರಡು ಬಾತುಕೋಳಿ. ಆಗ ನನ್ನವಳು ಒಂದು ಹೆಜ್ಜೆ ಮುಂದೆ ಬಂದಳು. ಮೂವತ್ತು ಚಿಲ್ಲರೆ ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು ಎಂಥೆಂಥವರನ್ನೋ ಸಮಾಧಾನ ಮಾಡಿದವಳು. ಅದೇ ದನಿಯಲ್ಲಿ, "ನೋಡುವುದಕ್ಕೆ ಏನೂ ಇಲ್ಲ. ಇಲ್ಲಿಗೆ ಬಂದವರು ಗಂಡ ಹೆಂಡತಿ ಕೈ ಹಿಡಿದುಕೊಂಡು ನಿಲ್ಲಬೇಕು. ಬಹಳ ಹಳೇ ಪದ್ಧತಿ" ಅಂದಳು.

ಯಾರೂ ಪ್ರಶ್ನೆ ಮಾಡಲಿಲ್ಲ. ಒಬ್ಬೊಬ್ಬರಾಗಿ ತಮ್ಮ ತಮ್ಮವರ ಕಡೆ ತಿರುಗಿದರು. ಕೆಲವರು ತಕ್ಷಣ ಹಿಡಿದರು. ಕೆಲವರು ಯಾವ ಕೈ ಕೊಡಬೇಕು ಅಂತ ತಿಳಿಯದೆ ತಡಕಾಡಿದರು. ಒಬ್ಬಾಕೆ ಗಂಡ ತಿನ್ನುತ್ತಿದ್ದ ಚಿಪ್ಸ್ ಪೊಟ್ಟಣವನ್ನು ಅವನ ಕೈಯಿಂದ ಕಿತ್ತು ಚೀಲಕ್ಕೆ ಹಾಕಿ, ಆಮೇಲೆ ಆ ಕೈ ಹಿಡಿದಳು. ದಂಡೆಯ ಉದ್ದಕ್ಕೂ ಸಾಲಾಗಿ ಜೋಡಿಗಳು, ಎಲ್ಲರ ಮುಖ ನದಿಯ ಕಡೆ.

ಆ ದಢೂತಿ ಮನುಷ್ಯ ಹೆಂಡತಿಯ ಕೈ ಹಿಡಿದುಕೊಂಡೇ ನಮ್ಮ ಕಡೆ ಬಾಗಿ ಪಿಸುಗುಟ್ಟಿದ: "ಎಷ್ಟು ಹೊತ್ತು ಹಿಡಿದಿರಬೇಕು?"

"ಬಸ್ ಬರೋವರೆಗೆ" ಅಂದಳು ನನ್ನವಳು.

ಅವರನ್ನು ಹುಡುಕಿಕೊಂಡು ಅವರ ಬಸ್ಸು ಬಂತು. ಅವರು ಹೋದರು. ನಮಗೆ ಯಾವ ಬಸ್ಸೂ ಬರುವುದಿರಲಿಲ್ಲ.